ಸೌಂಡ್ ಬರಲಿಲ್ಲ ಅಂದ್ರೆ ಕಾರ್ಡ್ ಹೋಯ್ತು ಅಂತಲ್ಲ

ಹಳೇ ಕಂಪ್ಯೂಟರ್‌ನಲ್ಲಿ ಗೇಮ್ ಹಾಕಿ ಸೌಂಡ್ ಬರಲಿಲ್ಲ ಅಂದ ಕೂಡಲೇ "ಸೌಂಡ್ ಕಾರ್ಡ್ ಹೋಗೇತ್ರಿ, ಬೇರೆ ಹಾಕ್ರಿ" ಅನ್ನುವವರು ನಮ್ಮ ಬೆಳಗಾವಿಯಲ್ಲಿ ಜಾಸ್ತಿ. ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಯಾವ ಸೌಂಡ್ ಬರುತ್ತಿದೆ, ಯಾವುದು ಬರುತ್ತಿಲ್ಲ ಅಂತ ಮೊದಲು ಕೇಳಿ ನೋಡಬೇಕಲ್ವಾ?

1992ರ ಸೌಂಡ್ ಬ್ಲಾಸ್ಟರ್ 16 ಕಾರ್ಡನ್ನೇ ತೆಗೆದುಕೊಳ್ಳಿ. ಅದರಲ್ಲಿ ಗೇಮಿನ ಸಂಗೀತದ ದಾರಿಯೇ ಬೇರೆ, ಗುಂಡಿನ ಸದ್ದಿನ ದಾರಿಯೇ ಬೇರೆ. ಸಂಗೀತವನ್ನು ಯಮಾಹಾ ಓಪಿಎಲ್3 ಚಿಪ್ ತಾನೇ ನುಡಿಸುತ್ತದೆ. ಅದಕ್ಕೆ ಐಆರ್‌ಕ್ಯೂ (ಕಾರ್ಡ್ ಪ್ರೊಸೆಸರ್‌ನ ಗಮನ ಸೆಳೆಯುವ ನಂಬರಿನ ಲೈನ್) ಬೇಡ, ಡಿಎಂಎ (ಮೆಮೊರಿಯಿಂದ ಕಾರ್ಡಿಗೆ ಸದ್ದು ನೇರವಾಗಿ ಸಾಗಿಸುವ ದಾರಿ) ಬೇಡ. ರೆಕಾರ್ಡ್ ಮಾಡಿದ ಸದ್ದಿಗೆ ಎರಡೂ ಬೇಕು. ಡೂಮ್ ಗೇಮಿನಲ್ಲಿ ಸಂಗೀತ ಜೋರಾಗಿ ಬಂದು ಬಂದೂಕು ಮಾತ್ರ ಮೂಕಾಗಿದ್ದರೆ, ಕಾರ್ಡಿಗೆ ಜೀವ ಇದೆ ಅಂತಲೇ ಅರ್ಥ. ಸೆಟ್ಟಿಂಗ್ ಕಡೆ ನೋಡಿ.

ಒಂದೇ ತುಣುಕು ಸದ್ದು ಮತ್ತೆ ಮತ್ತೆ ಬಡಿದುಕೊಳ್ಳುತ್ತಿದ್ದರೆ ನನ್ನ ಅನುಮಾನ ಮೊದಲು ಐಆರ್‌ಕ್ಯೂ ಮೇಲೆ. ಕೊಟ್ಟ ತುಣುಕು ಮುಗಿಯಿತು ಅಂತ ಕಾರ್ಡ್ ಒಂದು ಬಾಗಿಲು ಬಡಿಯುತ್ತದೆ, ಗೇಮ್ ಇನ್ನೊಂದು ಬಾಗಿಲಲ್ಲಿ ಕಾಯುತ್ತಾ ನಿಂತಿರುತ್ತದೆ. ಕಾರ್ಡನ್ನು ಐಆರ್‌ಕ್ಯೂ 7ಕ್ಕೆ ಇಟ್ಟಿದ್ದರೆ ಅದು ಸಾಮಾನ್ಯವಾಗಿ ಪ್ರಿಂಟರ್ ಪೋರ್ಟ್‌ನ ಜಾಗ. 5ಕ್ಕೆ ತನ್ನಿ.

ಆಮೇಲೆ ಡಾಸ್ (ಆ ಕಾಲದ ಆಪರೇಟಿಂಗ್ ಸಿಸ್ಟಮ್) ಶುರುವಾಗುವಾಗ ತಾನೇ ಓದುವ ಆಟೋಎಕ್ಸೆಕ್ ಫೈಲಿನಲ್ಲಿ 'ಸೆಟ್ ಬ್ಲಾಸ್ಟರ್' ಸಾಲು ತೆರೆದು ನೋಡಿ. ಎ220 ಐ5 ಡಿ1 ಎಚ್5 ಟಿ6 ಅಂತ ಇದ್ದರೆ ಸಾಮಾನ್ಯವಾಗಿ ಸರಿ. ಎ ಅಂದರೆ ಪೋರ್ಟ್, ಐ ಐಆರ್‌ಕ್ಯೂ, ಡಿ ಮತ್ತು ಎಚ್ ಎರಡು ಡಿಎಂಎ, ಟಿ ಕಾರ್ಡಿನ ಜಾತಿ. ಬಹಳ ಮಂದಿ ಈ ಸಾಲು ಬರೆದರೆ ಕಾರ್ಡ್ ತಾನೇ ಬದಲಾಗುತ್ತದೆ ಅಂದುಕೊಂಡಿದ್ದಾರೆ. ಇಲ್ಲ. ಕಾರ್ಡ್ ಹೇಗಿದೆ ಅಂತ ಗೇಮಿಗೆ ತಿಳಿಸುವುದಷ್ಟೇ ಇದರ ಕೆಲಸ. ಹಳೇ ಕಾರ್ಡ್ ಆದರೆ ಸಾಮಾನ್ಯವಾಗಿ ಜಂಪರ್ (ಕಾರ್ಡಿನ ಪಿನ್ನುಗಳ ಮೇಲೆ ಕೂರುವ ಪುಟ್ಟ ಟೋಪಿ) ಬದಲಿಸಬೇಕು. ಸಾಫ್ಟ್‌ವೇರ್‌ನಿಂದಲೇ ಸೆಟ್ ಆಗುವ ಪ್ಲಗ್ ಅಂಡ್ ಪ್ಲೇ ಕಾರ್ಡ್ ಆದರೆ ಡಾಸ್‌ನಲ್ಲಿ ಅದನ್ನು ಎಬ್ಬಿಸುವ ಪ್ರೋಗ್ರಾಂ ಮೊದಲು ಓಡಬೇಕು.

ಏನೂ ಕೇಳದಿದ್ದರೆ ಮಿಕ್ಸರ್‌ನಲ್ಲಿ (ಕಾರ್ಡಿನ ವಾಲ್ಯೂಮ್ ಹೊಂದಿಸುವ ಪ್ರೋಗ್ರಾಂ) ವಾಲ್ಯೂಮ್ ಸೊನ್ನೆಗೆ ಇದೆಯಾ ನೋಡಿ. ನಗಬೇಡಿ, ಇರುತ್ತದೆ. ಇನ್ನೊಂದು, ನಮ್ಮೂರಿನ ಮಳೆಗಾಲ. ತಿಂಗಳುಗಟ್ಟಲೆ ತೇವ ಹಿಡಿದು ಕಾರ್ಡಿನ ಹೊಳೆಯುವ ಪಟ್ಟಿಗಳು ಮಂಕಾಗಿರುತ್ತವೆ. ಪವರ್ ತೆಗೆದು, ಕಾರ್ಡ್ ಹೊರಗೆ ತಂದು, ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಕೂರಿಸಿ.

1996ರ ಕ್ವೇಕ್ ಗೇಮಿನಲ್ಲಿ ಗುಂಡು ಕೇಳಿ ಸಂಗೀತ ಬರದಿದ್ದರೆ ಕಥೆ ಬೇರೆ. ಅದರ ಸಂಗೀತ ಸಿಡಿಯಲ್ಲೇ ಆಡಿಯೋ ಟ್ರ್ಯಾಕ್ ಆಗಿದೆ. ಸಿಡಿ ಡ್ರೈವ್‌ನಿಂದ ಸೌಂಡ್ ಕಾರ್ಡಿಗೆ ಹೋಗುವ ಸಣ್ಣ ವೈರ್ ಇರಲೇಬೇಕು. ಸೆಕೆಂಡ್ ಹ್ಯಾಂಡ್ ಡಬ್ಬಗಳಲ್ಲಿ ಕಳೆದುಹೋಗಿರುವುದೇ ಅದು.

"ಇಷ್ಟೆಲ್ಲಾ ಯಾಕ್ರೀ, ಡಾಸ್‌ಬಾಕ್ಸ್ ಹಾಕಿ ಆಡ್ರಿ" ಅಂತ ಹೊಸ ಕಂಪ್ಯೂಟರ್‌ನಲ್ಲಿ ಡಾಸ್ ಗೇಮ್ ಓಡಿಸುವ ಪ್ರೋಗ್ರಾಂ ತೋರಿಸುವವರಿಗೆ ನಮಸ್ಕಾರ. ಬರೀ ಆಟ ಬೇಕಿದ್ದರೆ ಅದೇ ಸರಿ. ನನಗೆ ಆ ಕಾರ್ಡೇ ನುಡಿಯಬೇಕು, ಅಷ್ಟೇ.

ಹಾಗಂತ ಡಾಸ್ ಗೇಮಿಗೆ ಪಿಸಿಐ (ಐಎಸ್ಎ ನಂತರ ಬಂದ ಸ್ಲಾಟ್) ಕಾರ್ಡ್ ಮಾತ್ರ ಕೊಳ್ಳಬೇಡಿ. ಅದು ಹಳೇ ಕಾರ್ಡಿನಂತೆ ನಟಿಸಲು ಒಂದು ಡ್ರೈವರ್ ಬೇಕು, ಆ ನಟನೆಯನ್ನು ಎಲ್ಲಾ ಗೇಮ್ ನಂಬುವುದಿಲ್ಲ. ಮನೆಯ ಅಟ್ಟದ ಮೇಲೆ ಹಳೇ ಐಎಸ್ಎ ಸ್ಲಾಟಿಗೆ ಕೂರುವ ಉದ್ದನೆಯ ಕಾರ್ಡ್ ಏನಾದರೂ ಸಿಕ್ಕರೆ, ಗುಜರಿಯವನಿಗೆ ತೂಕಕ್ಕೆ ಹಾಕುವ ಮುಂಚೆ ಇಲ್ಲಿ ಒಂದು ಫೋಟೋ ಹಾಕಿ ಮಾರಾಯ್ರೇ.