ಅವ್ವನ ಪಕ್ಕ ಕೂತು ನೋಡಿದ ಸಿನಿಮಾ

ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿ ಕನ್ನಡ ಸಿನಿಮಾವನ್ನು ಥೇಟರಿನಲ್ಲಿ ನೋಡಬೇಕೆಂದರೆ ಶನಿವಾರ, ಭಾನುವಾರದೊಳಗೆ ನೋಡಿಬಿಡಬೇಕು. ಆಮೇಲೆ ಇರುತ್ತದೆ ಅನ್ನೋ ಭರವಸೆ ಇಲ್ಲ. ಹೋದರೂ ಅಲ್ಲೊಬ್ಬರು ಇಲ್ಲೊಬ್ಬರು, ಎಲ್ಲರೂ ಸುಮ್ನೆ ಕೂತಿರುತ್ತಾರೆ. ಹಾಗಾಗಿ ನಾನು ಜಾಸ್ತಿ ನೋಡುವುದು ಮನೆಯಲ್ಲೇ, ರಾತ್ರಿ ಊಟವಾದ ಮೇಲೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು.

2025ರ ಪಂಚಮಿಗೆ ಬಾಗಲಕೋಟೆಗೆ ಹೋಗಿದ್ದೆ. ಅಕ್ಕ, ತಂಗಿ ತವರಿಗೆ ಬಂದಿದ್ದರು. ಉಂಡಿ ತಿಂದು, ಜೋಕಾಲಿ ಆಡಿ ಮುಗಿದ ಮೇಲೆ ಮನೆಮಂದಿಯೆಲ್ಲ ‘ಸು ಫ್ರಮ್ ಸೋ’ ನೋಡಲು ಹೊರಟೆವು. ಜೆ.ಪಿ. ತುಮಿನಾಡು ನಿರ್ದೇಶಿಸಿದ ಸಿನಿಮಾ. ಕರಾವಳಿಯ ಹಳ್ಳಿ, ಅಲ್ಲಿನದೇ ಕನ್ನಡ. ಅವ್ವನಿಗೆ ಮಾತು ತಿಳಿಯುತ್ತದೋ ಇಲ್ಲವೋ ಅನ್ನೋ ಚಿಂತೆ ನನಗಿತ್ತು. ಅಶೋಕನ ಮೈಮೇಲೆ ಸುಲೋಚನಾ ಎಂಬಾಕೆಯ ದೆವ್ವ ಬಂದಿದೆಯೆಂದು ಊರೇ ನಂಬುವ ಹೊತ್ತಿಗೆ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಹಿಂದಿನ ಸಾಲಿನ ಒಬ್ಬ ಅಜ್ಜಿ, "ಸುಳ್ಳ ಹೇಳಾಕತ್ತಾನ ಅಂವಾ, ನಂಬಬ್ಯಾಡ್ರೋ!" ಎಂದು ಪರದೆಗೇ ಕೂಗಿದಳು. ಇಡೀ ಥೇಟರ್ ನಕ್ಕಿತು.

ಬನಶಂಕರಿ ಜಾತ್ರೆಯಲ್ಲಿ ರಾತ್ರಿಯಿಡೀ ಕಂಪನಿ ನಾಟಕ ನೋಡಿ ಬೆಳೆದ ಮಂದಿ ನಾವು. ನಟನಿಗೆ ತಿರುಗಿ ಮಾತು ಹೇಳುವುದು, ಹಾಡಿಗೆ ‘ವನ್ಸ್ ಮೋರ್’ ಕೇಳುವುದು ನಮ್ಮ ಕಡೆ ಗದ್ದಲವಲ್ಲ. ನೋಡುವ ರೀತಿಯೇ ಅದು.

ಪುಣೆಗೆ ಮರಳಿ ‘ಶಿವಮ್ಮ ಯರೇಹಂಚಿನಾಳ’ ನೋಡಿದೆ. ಜೈಶಂಕರ್ ಆರ್ಯರ್ ನಿರ್ದೇಶನ. ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ 2022ರಲ್ಲಿ ಪ್ರಶಸ್ತಿ ಪಡೆದು, ನಮ್ಮಲ್ಲಿ 2024ರಲ್ಲಿ ತೆರೆಗೆ ಬಂದದ್ದು. ಕೊಪ್ಪಳ ಜಿಲ್ಲೆಯ ಹಳ್ಳಿ. ಶಾಲೆಯಲ್ಲಿ ಬಿಸಿಯೂಟ ಮಾಡುವ ಶಿವಮ್ಮ, ಹಾಸಿಗೆ ಹಿಡಿದ ಗಂಡ ಎದ್ದು ಓಡಾಡಲಿ ಎಂದು ಶಕ್ತಿಯ ಪುಡಿ ಮಾರುವ ಚೈನ್ ವ್ಯವಹಾರಕ್ಕೆ ಕೈಹಾಕುತ್ತಾಳೆ. ಶಿವಮ್ಮನ ಪಾತ್ರದಲ್ಲಿ ಶರಣಮ್ಮ ಚಟ್ಟಿ ಅವರು ಮಾಡಿದ್ದು ನಟನೆ ಅನಿಸುವುದೇ ಇಲ್ಲ. ಕನ್ನಡ ಸಿನಿಮಾದಲ್ಲಿ ನಮ್ಮ ಉತ್ತರ ಕರ್ನಾಟಕದ ಮಾತು ಬಹಳ ಸಲ ನಗಿಸುವ ಪಾತ್ರಕ್ಕೇ ಮೀಸಲು. ಇಲ್ಲಿ ಅದೇ ಮಾತು ಒಬ್ಬ ಹೆಂಗಸಿನ ಹಟವನ್ನೂ ಕಷ್ಟವನ್ನೂ ಹೊತ್ತಿದೆ. ನನಗೆ ಗಂಟಲು ಕಟ್ಟಿತು.

ಆದರೆ ಅದನ್ನು ನಾನು ಒಬ್ಬನೇ, ಪುಣೆಯ ಒಂದು ಕೋಣೆಯಲ್ಲಿ ನೋಡಿದೆ. ಕರಾವಳಿಯ ಕನ್ನಡಕ್ಕೆ ಬಾಗಲಕೋಟೆಯ ಥೇಟರಿನಲ್ಲಿ ಅಷ್ಟು ಜನ ಜೊತೆಗಿದ್ದರು. ನಮ್ಮದೇ ಕನ್ನಡಕ್ಕೆ ನನ್ನ ಪಕ್ಕ ಯಾರೂ ಇರಲಿಲ್ಲ. ಇದು ನನ್ನನ್ನು ಇನ್ನೂ ಕಾಡುತ್ತಿದೆ.

ಮರಾಠಿಯವರನ್ನು ನೋಡಿ. 2016ರ ‘ಸೈರಾಟ್’ ಸಿನಿಮಾ ಮಾತಾಡಿದ್ದು ಸೋಲಾಪುರ ಜಿಲ್ಲೆಯ ಕರ್ಮಾಳಾ ಕಡೆಯ ಮರಾಠಿ. ಸೋಲಾಪುರ ಅಂದರೆ ವಿಜಯಪುರದಿಂದ ಸುಮಾರು 100 ಕಿಲೋಮೀಟರ್, ಅಷ್ಟೇ. ಪುಣೆಯಲ್ಲೇ ಹುಟ್ಟಿ ಬೆಳೆದ ನನ್ನ ಸಹೋದ್ಯೋಗಿಗಳು ಅದರ ಮಾತುಗಳನ್ನು ಇವತ್ತಿಗೂ ಆಫೀಸಿನಲ್ಲಿ ಪ್ರೀತಿಯಿಂದ ಆಡುತ್ತಾರೆ. ಮಂಗಳೂರಿನ ಕನ್ನಡವನ್ನು ನಾವು ಮನಸಾರೆ ಒಪ್ಪಿದ್ದೇವೆ, ಮಂಡ್ಯದ್ದನ್ನೂ ಒಪ್ಪಿದ್ದೇವೆ. ನಮ್ಮ ಕನ್ನಡದ ಕತೆಗೂ ದೊಡ್ಡ ಪರದೆ ಸಿಗಬೇಕು, ಅಲ್ವಾ? ಅದೂ ಒಂದೆರಡು ದಿನಕ್ಕಲ್ಲ, ಸುದ್ದಿ ಬಾಯಿಂದ ಬಾಯಿಗೆ ಹಬ್ಬುವಷ್ಟು ದಿನ.

ದೀಪಾವಳಿಗೆ ಹೋದಾಗ ಅವ್ವನಿಗೆ ಶಿವಮ್ಮನನ್ನು ಮೊಬೈಲಿನಲ್ಲೇ ತೋರಿಸಿದೆ. ಕನ್ನಡಕ ಹಾಕಿಕೊಂಡು, ಫೋನನ್ನು ನೀರಿನ ತಂಬಿಗೆಗೆ ಒರಗಿಸಿ ನೋಡಿದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಈಕಿ ನಮ್ಮ ಓಣ್ಯಾಕಿ ಇದ್ದಂಗ ಅದಾಳ," ಎಂದಳು. ಆಮೇಲೆ ಕೇಳಿದಳು: "ಇದನ್ನ ನಮ್ಮೂರ ಟಾಕೀಜಿನ್ಯಾಗ ಯಾವಾಗ ಹಚ್ಚತಾರಪಾ?"