ಮೊದಲು ರೂಮ್, ಆಮೇಲೆ ಉಪದೇಶ

ಮಲ್ಪೆ ಬಂದರಿನ ಹತ್ತಿರ ನಮ್ಮದೊಂದು ಸಣ್ಣ ಕ್ಯಾಂಟೀನು. ಬಾಗಿಲ ಮುಂದೆ ಒಬ್ಬ ಮಲಗುತ್ತಿದ್ದ. ಎಲ್ಲರೂ ಅವನನ್ನು ಕುಡುಕ ಅನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. (ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದ.)

ಘಟ್ಟದ ಮೇಲಿನವ, ಬೋಟಿನಲ್ಲಿ ಕಲಾಸಿ, ಅಂದರೆ ಕೆಲಸದಾಳು. ಒಂದು ರಾತ್ರಿ ಜೊತೆಯವನೊಬ್ಬ ಕಣ್ಣೆದುರೇ ಕಡಲಿಗೆ ಬಿದ್ದ, ಸಿಗಲಿಲ್ಲ. ಅಂದಿನಿಂದ ಇವನಿಗೆ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಅವನು ಕರೆದ ಹಾಗೆ ಕೇಳುತ್ತಿತ್ತಂತೆ. ಒಂದು ಕ್ವಾರ್ಟರ್ ಹಾಕಿದರೆ ಮೂರು ಗಂಟೆ ನಿದ್ದೆ. ಸ್ವಲ್ಪ ದಿನಕ್ಕೆ ಅದೂ ಸಾಲಲಿಲ್ಲ. ಬೋಟ್ ನಡೆಸುವ ತಂಡೇಲರು ಕೆಲಸ ಬಿಡಿಸಿದರು. ಅವರದ್ದು ತಪ್ಪೆನ್ನಲಾರೆ, ಕೈ ನಡುಗುವವನನ್ನು ಕಡಲಿಗೆ ಹೇಗೆ ಕರೆದುಕೊಂಡು ಹೋಗುವುದು?

ಇಂಥವರು ಉಣ್ಣುವುದು, ಮಲಗುವುದು ಎಲ್ಲ ಬೋಟಿನಲ್ಲೇ. ಕೆಲಸ ಹೋದ ದಿನವೇ ಸೂರೂ ಹೋಗುತ್ತದೆ. ಬೀದಿಗೆ ಬಿದ್ದ ಮೇಲೆ ಕುಡಿತ ಜಾಸ್ತಿಯಾಯಿತು. ಮಳೆಯಲ್ಲಿ ನೆನೆಯುತ್ತಾ ಎಚ್ಚರ ಇದ್ದು ಎಂತ ಮಾಡುವುದು ಎಂದು ಅವನೇ ಕೇಳಿದ.

‘ಮನಸ್ಸು ಗಟ್ಟಿ ಮಾಡು ಮಾರಾಯ’ ಎಂದು ಉಪದೇಶ ಮಾಡಿದ್ದು ನಾನೇ. ಪಾಪ, ಒಮ್ಮೆಲೇ ಬಿಟ್ಟ. ಮೂರನೇ ದಿನ ಗೋಡೆ ಮೇಲೆ ಏಡಿ ಓಡುತ್ತಿದೆ ಎಂದು ಕೂಗಾಡಿದ. ನಾವು ಮರ್ಲ್ (ಹುಚ್ಚು) ಅಂದುಕೊಂಡೆವು. ವರ್ಷಗಟ್ಟಲೆ ಕುಡಿದವರು ದಿಢೀರ್ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಹೀಗಾಗಬಹುದು, ಫಿಟ್ಸ್ ಬರಬಹುದು, ಜೀವವೇ ಹೋಗಬಹುದು ಎಂದು ಗೊತ್ತಾದದ್ದು ಡಾಕ್ಟರ್ ಹೇಳಿದ ಮೇಲೆ.

ಆಮೇಲೆ ಅಲೆದಾಟ. ಒಂದು ಕಡೆ ‘ಕಿವಿಯಲ್ಲಿ ಮಾತು ಕೇಳುವವರಿಗೆ ಇಲ್ಲಿ ಆಗುವುದಿಲ್ಲ’. ಇನ್ನೊಂದು ಕಡೆ ‘ಮೊದಲು ಕುಡಿತ ಬಿಡಿಸಿ ಬನ್ನಿ’. ಎಂತ ಮಾರಾಯ್ರೆ ಇದು? 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಮದ್ಯ, ಡ್ರಗ್ಸ್‌ನಿಂದ ಬರುವ ಮನಸ್ಸಿನ ತೊಂದರೆಯನ್ನೂ ಮಾನಸಿಕ ಕಾಯಿಲೆ ಎಂದು ಎಣಿಸುತ್ತದೆ. ನಿಮ್ಹಾನ್ಸ್‌ನ 2015-16ರ ಸಮೀಕ್ಷೆಯಲ್ಲಿ ಕುಡಿತದ ಸಮಸ್ಯೆ ಇದ್ದವರಲ್ಲಿ 100ಕ್ಕೆ ಸುಮಾರು 86 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಈ ಅಲೆದಾಟ ನೋಡಿದ ಮೇಲೆ ನನಗೇನೂ ಆಶ್ಚರ್ಯ ಆಗಲಿಲ್ಲ. ಕೊನೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿದೆವು. ಕನ್ನಡದಲ್ಲೇ ಮಾತಾಡಿ ಎಲ್ಲಿಗೆ ಹೋಗಬೇಕೆಂದು ಹೇಳಿದರು.

ಮಾತ್ರೆ ಸಿಕ್ಕಿತು. ಇಡುವುದೆಲ್ಲಿ? ಮೊದಲ ತಿಂಗಳಿನದ್ದು ಚೀಲದಲ್ಲೇ ಮಳೆಗೆ ಕರಗಿಹೋಯಿತು.

ಈಗ ಪರವಾಗಿಲ್ಲ. ಎರಡು ಸಲ ಮತ್ತೆ ಕುಡಿದಿದ್ದಾನೆ, ಅದನ್ನೂ ಹೇಳಿಬಿಡುತ್ತೇನೆ. ಜೂನ್‌ನಿಂದ ಬೋಟುಗಳಿಗೆ ರಜೆ ಅಲ್ವಾ, ಬಲೆ ಶೆಡ್ಡಿನ ಕಾವಲಿಗೆ ಇಟ್ಟುಕೊಂಡಿದ್ದಾರೆ, ಅಲ್ಲೇ ಮಲಗುತ್ತಾನೆ. ಆಗಸ್ಟ್ 1ಕ್ಕೆ ಬಲೆ ಬೋಟಿಗೆ, ಇವನು ಮತ್ತೆ ಬೀದಿಗೆ. ಮಲ್ಪೆ, ಕಲ್ಮಾಡಿ ಕಡೆ ಸಣ್ಣ ರೂಮ್ ಇದ್ದರೆ ಇನ್‌ಬಾಕ್ಸ್ ಮಾಡಿ. ಮೂರು ತಿಂಗಳ ಬಾಡಿಗೆ ನಾವು ನಾಲ್ಕು ಜನ ಸೇರಿ ಕೊಡುತ್ತೇವೆ. ಕುಡುಕನಿಗೆ ರೂಮ್ ಕೊಡುವುದಿಲ್ಲ ಅನ್ನುವವರು ಒಮ್ಮೆ ಕ್ಯಾಂಟೀನಿಗೆ ಬನ್ನಿ, ಬೆಳಿಗ್ಗೆ ಹೊತ್ತು ಚಾ ತಂದು ಕೊಡುವವನು ಅವನೇ.