ಗೊಬ್ಬರದ ಅಂಗಡಿಯಲ್ಲಿ ಸಿಗುವ ಡೇನಿಯಲ್ ಸೆಲ್

ಪಿಯುಸಿ ಎರಡನೇ ವರ್ಷದ ಮಕ್ಕಳಿಗೆ ನರ್ನ್‌ಸ್ಟ್ ಸಮೀಕರಣದ (ದ್ರಾವಣದ ಸಾಂದ್ರತೆ ಬದಲಾದರೆ ಸೆಲ್ಲಿನ ವೋಲ್ಟೇಜ್ ಎಷ್ಟಾಗುತ್ತದೆ ಎನ್ನುವ ಸೂತ್ರ) ಲೆಕ್ಕ ಕೊಡಿ, ಥಟ್ಟಂತ ಬಿಡಿಸುತ್ತಾರೆ. 0.0591 ಬಾಯಿಪಾಠ. ಎನ್ ಜಾಗಕ್ಕೆ 2 ಹಾಕು, ಲಾಗ್ ತೆಗೆ, ಮುಗೀತು. ಆದರೆ ಸತು, ತಾಮ್ರದಿಂದ ಕಟ್ಟುವ ಡೇನಿಯಲ್ ಸೆಲ್ಲಿನ 1.10 ವೋಲ್ಟ್ ಎಲ್ಲಿಂದ ಬಂತು ಅಂತ ಕೇಳಿ, ಇಡೀ ಕ್ಲಾಸು ಗಪ್‌ಚುಪ್.

ಮಕ್ಕಳನ್ನು ಬೈಯುವಂತಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಗೆ ಬರುವುದು ಟೈಟ್ರೇಷನ್, ಸಾಲ್ಟ್ ಅನಾಲಿಸಿಸ್. ಲ್ಯಾಬಿನ ಸಮಯವೆಲ್ಲ ಅದಕ್ಕೇ ಹೋಗುತ್ತದೆ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಸೆಲ್ ಕಟ್ಟಿ ಅದನ್ನು ನೋಡುತ್ತಾ ಕೂರಲು ಯಾರಿಗೆ ಪುರುಸೊತ್ತು?

ಆದರೆ ನಮ್ಮ ವಿಜಯಪುರ ಜಿಲ್ಲೆಯಲ್ಲಿ ಈ ಪಾಠವನ್ನು ಬರೀ ಬೋರ್ಡಿನ ಮೇಲೆ ಮುಗಿಸುವುದು ನನ್ನ ಪ್ರಕಾರ ಸೋಮಾರಿತನ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರ ಮಕ್ಕಳು ನಮ್ಮ ಕ್ಲಾಸಿನಲ್ಲೇ ಇರುತ್ತಾರೆ. ಬಳ್ಳಿಯ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಅವರಿಗೆ ಹೊಸದಲ್ಲ. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಕಬ್ಬಿಣದ ಪಾತ್ರೆ ಮುಟ್ಟಿಸುವಂತಿಲ್ಲ, ಪ್ಲಾಸ್ಟಿಕ್ ಡ್ರಮ್ಮೇ ಬೇಕು. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಉಜ್ಜಿ ತೊಳೆದ ಕುಡಗೋಲನ್ನು ಅದ್ದುತ್ತಾರೆ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ.

ಆ ಕೆಂಪು ತಾಮ್ರ. ಕಬ್ಬಿಣದ ವಿಭವ (ಎಲೆಕ್ಟ್ರಾನ್ ಸೆಳೆಯುವ ಒಲವು, ವೋಲ್ಟ್ ಲೆಕ್ಕದಲ್ಲಿ) ಮೈನಸ್ 0.44, ತಾಮ್ರದ್ದು ಪ್ಲಸ್ 0.34. ಕಬ್ಬಿಣ ಎಲೆಕ್ಟ್ರಾನ್ ಕೊಟ್ಟು ಕರಗುತ್ತದೆ, ತಾಮ್ರ ಬಂದು ಕೂರುತ್ತದೆ. 'ತಾಮ್ರದ ಸಲ್ಫೇಟ್ ದ್ರಾವಣವನ್ನು ಸತುವಿನ ಪಾತ್ರೆಯಲ್ಲಿ ಇಡಬಹುದೇ?' ಅಂತ ಪಠ್ಯದಲ್ಲಿ ಕೇಳುತ್ತಾರಲ್ವಾ, ಅದಕ್ಕೆ ಉತ್ತರ ಇವರ ತೋಟದಲ್ಲೇ ಇದೆ: ಸತುವೂ ಕಬ್ಬಿಣದ ಹಾಗೇ ಕರಗುತ್ತದೆ.

ಇನ್ನೂ ಮಜಾ ಏನೆಂದರೆ, ಸೆಲ್ಲಿಗೆ ಬೇಕಾದ ಮೂರೂ ಲವಣ ಗೊಬ್ಬರದ ಅಂಗಡಿಯಲ್ಲೇ ಸಿಗುತ್ತವೆ. ಮೈಲುತುತ್ತ, ಜಿಂಕ್ ಸಲ್ಫೇಟ್, ಮತ್ತೆ ಡ್ರಿಪ್ಪಿಗೆ ಬಿಡುವ 13-0-45. ಅದು ಪೊಟ್ಯಾಸಿಯಂ ನೈಟ್ರೇಟ್. ಅದರ ನೀರಿನಲ್ಲಿ ನೆನೆಸಿದ ಫಿಲ್ಟರ್ ಪೇಪರ್ ತುಂಡೇ ಎರಡು ದ್ರಾವಣಗಳನ್ನು ಜೋಡಿಸುವ ಸಾಲ್ಟ್ ಬ್ರಿಡ್ಜ್. ಮೈಲುತುತ್ತದ ನೀರಿಗೆ ತಾಮ್ರದ ಪಟ್ಟಿ, ಜಿಂಕ್ ಸಲ್ಫೇಟ್ ನೀರಿಗೆ ಸತುವಿನ ಪಟ್ಟಿ ಇಳಿಬಿಟ್ಟು ಮಲ್ಟಿಮೀಟರ್ ಹಚ್ಚಿದರೆ 1.1ರ ಆಸುಪಾಸು ತೋರಿಸುತ್ತದೆ. ಪೇಪರ್ ತೆಗೆದರೆ ಸೊನ್ನೆ. ಬ್ರಿಡ್ಜ್ ಯಾಕೆ ಬೇಕು ಅಂತ ಆಮೇಲೆ ನೋಟ್ಸ್ ಬರೆಸಬೇಕಿಲ್ಲ. (ಮೈಲುತುತ್ತ ವಿಷ. ಕೈ ತೊಳೆಸಿ, ಉಳಿದದ್ದನ್ನು ಬೇಸಿನ್ನಿಗೆ ಸುರಿಯಬೇಡಿ.)

ಈಗ ತಾಮ್ರದ ಕಡೆಯ ದ್ರಾವಣವನ್ನು ಹತ್ತು ಪಟ್ಟು ತೆಳು ಮಾಡಿಸಿ. ವೋಲ್ಟೇಜ್ ಎಷ್ಟು ಇಳಿಯಬಹುದು ಅಂತ ಮೊದಲೇ ಕೇಳಿ. ಹತ್ತನೇ ಒಂದು ಭಾಗಕ್ಕೆ ಬರುತ್ತದೆ ಎನ್ನುವವರು ಇದ್ದೇ ಇರುತ್ತಾರೆ. ಇಳಿಯುವುದು ಸುಮಾರು 0.03 ವೋಲ್ಟ್ ಅಷ್ಟೇ. ಲಾಗ್ ಅಂದರೆ ಏನು ಅಂತ ಮಕ್ಕಳಿಗೆ ಹೊಳೆಯುವುದು ಆಗ.

ಆನೋಡ್ ಪ್ಲಸ್ಸೋ ಮೈನಸ್ಸೋ ಎನ್ನುವ ಗೊಂದಲಕ್ಕೆ ಮನೆಯ ಇನ್ವರ್ಟರ್ ಬ್ಯಾಟರಿ ಸಾಕು. ಪ್ಲಸ್ ಗುರುತು ಯಾವತ್ತೂ ಅಲ್ಲೇ ಇರುತ್ತದೆ. ಕರೆಂಟ್ ಹೋದಾಗ ಆ ಪ್ಲೇಟು ಕ್ಯಾಥೋಡ್. ಕರೆಂಟ್ ಬಂದು ಚಾರ್ಜ್ ಆಗುವಾಗ ಅದೇ ಆನೋಡ್. ಆಕ್ಸಿಡೇಷನ್ (ಎಲೆಕ್ಟ್ರಾನ್ ಬಿಟ್ಟುಕೊಡುವುದು) ಎಲ್ಲಿ ಆಗುತ್ತದೋ ಅದು ಆನೋಡ್, ಗುರುತು ನೋಡಬೇಡಿ ಅಂದರೆ ಆಯಿತು.

ಇಷ್ಟಕ್ಕೆ ಎರಡು ಪಿರಿಯಡ್ ಹಿಡಿಯಬಹುದು. ಪೋರ್ಷನ್ ಮುಗಿಯಲ್ಲ ಎನ್ನುವ ಮೇಷ್ಟ್ರುಗಳೇ, ಪರೀಕ್ಷೆ ಹತ್ತಿರ ಬಂದಾಗ ಇದೇ ಪಾಠವನ್ನು ಮತ್ತೆ ಮೊದಲಿಂದ ಮಾಡಲು ನಿಮಗೆ ಎಷ್ಟು ಪಿರಿಯಡ್ ಬೇಕಾಗುತ್ತದೆ? ಕಾಮೆಂಟಿನಲ್ಲಿ ಹೇಳಿ.